ಹೆರಿಗೆ ನೋವು ಶುರುವಾದ ಮೇಲೆ ಜಿಬಿಎಸ್ ಸ್ವ್ಯಾಬ್ ತೆಗೆಯುವುದು ಹೇಗೆ?

ಸ್ವ್ಯಾಬ್, ಅಂದರೆ ಮಾದರಿ ತೆಗೆಯುವ ಕಡ್ಡಿ, ಜಿಬಿಎಸ್ ಪರೀಕ್ಷೆಯ ಯಂತ್ರಕ್ಕೆ ಹೋಗಿ ಮುಕ್ಕಾಲು ಗಂಟೆ ಕಾದ ಮೇಲೆ ಪರದೆಯಲ್ಲಿ ಮೂಡುವುದು ‘ಇನ್‌ವ್ಯಾಲಿಡ್’. ಅಂದರೆ ಫಲಿತಾಂಶವೇ ಇಲ್ಲ. ಮಾದರಿ ಹಾಕುವ ಕಾರ್ಟ್ರಿಜ್ ದಂಡ, ಸಮಯ ದಂಡ, ಅಷ್ಟರಲ್ಲಿ ಗರ್ಭಕಂಠ ಪೂರ್ತಿ ತೆರೆದಿರುತ್ತದೆ. ಬೈಗುಳವೆಲ್ಲ ಯಂತ್ರಕ್ಕೆ. ಆದರೆ ಈ ಪರೀಕ್ಷೆ ಹೆಚ್ಚಾಗಿ ಕೆಡುವುದು ಸ್ವ್ಯಾಬ್ ತೆಗೆಯುವ ಆ ಅರ್ಧ ನಿಮಿಷದಲ್ಲಿ.

ಹುಡುಕುತ್ತಿರುವುದು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್, ವಾರ್ಡಿನ ಮಾತಿನಲ್ಲಿ ಜಿಬಿಎಸ್. ಕರುಳಿನಲ್ಲಿ ಮನೆ ಮಾಡಿಕೊಂಡು ಅಲ್ಲಿಂದ ಯೋನಿಗೆ ಹಬ್ಬುವ ಬ್ಯಾಕ್ಟೀರಿಯಾ ಇದು. 100 ಗರ್ಭಿಣಿಯರಲ್ಲಿ 10ರಿಂದ 30 ಮಂದಿಯಲ್ಲಿ ಯಾವ ಲಕ್ಷಣವೂ ತೋರದೆ ಇರುತ್ತದೆ. ಔಷಧ ಕೊಡದಿದ್ದರೆ ಇವರಿಗೆ ಹುಟ್ಟುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟಕ್ಕೆ ದಾಟುತ್ತದೆ. ಇಂಥ ತಾಯಂದಿರ 100 ಮಕ್ಕಳಲ್ಲಿ ಒಂದೆರಡು ಮೊದಲ ವಾರದೊಳಗೇ ರಕ್ತದ ನಂಜು, ನ್ಯುಮೋನಿಯಾ ಅಥವಾ ಮೆದುಳುಪೊರೆಯ ಉರಿಯೂತಕ್ಕೆ ತುತ್ತಾಗುತ್ತವೆ.

ಯಾರಿಗೆ ಬೇಕು, ಯಾರಿಗೆ ಬೇಡ

36–37ನೇ ವಾರದಲ್ಲಿ ಮಾಡಿಸಿದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಲ್ಯಾಬ್ ಪರೀಕ್ಷೆ) ವರದಿ 5 ವಾರ ನಡೆಯುತ್ತದೆ. ಅದು ಕೈಯಲ್ಲಿದ್ದರೆ ಮತ್ತೆ ಪರೀಕ್ಷೆ ಬೇಡ. ಈ ಬಸಿರಿನಲ್ಲಿ ಮೂತ್ರದಲ್ಲಿ ಜಿಬಿಎಸ್ ಕಂಡಿದ್ದರೆ, ಅಥವಾ ಹಿಂದಿನ ಮಗುವಿಗೆ ಜಿಬಿಎಸ್ ಸೋಂಕು ತಗುಲಿದ್ದರೆ ಆಗಲೂ ಬೇಡ, ನೇರವಾಗಿ ಆಂಟಿಬಯಾಟಿಕ್. ನೋವು ಬರುವ ಮೊದಲೇ, ನೀರು ಒಡೆಯದೆ ಮಾಡುವ ಸಿಸೇರಿಯನ್‌ಗೆ ಜಿಬಿಎಸ್ ಸಲುವಾಗಿ ಪರೀಕ್ಷೆಯೂ ಬೇಡ, ಆಂಟಿಬಯಾಟಿಕ್ಕೂ ಬೇಡ. ವರದಿ ಇಲ್ಲದವರು, ಇದ್ದರೂ ಅದು ಹಳತಾದವರು ಉಳಿದರು. ಬ್ಯಾಕ್ಟೀರಿಯಾದ ಡಿಎನ್ಎಯನ್ನು ಯಂತ್ರದಲ್ಲಿ ಬೇಗ ಹುಡುಕುವ ಕ್ಷಿಪ್ರ ಪಿಸಿಆರ್ ಪರೀಕ್ಷೆ ಇರುವುದು ಇವರಿಗೆ.

ಸ್ವ್ಯಾಬ್

ದಾಖಲಾದ ಕೂಡಲೇ ತೆಗೆಯಿರಿ. ಒಳಪರೀಕ್ಷೆಗೆ ಮುನ್ನ, ನಂತರವಲ್ಲ. ಎಲ್ಲರೂ ಎಡವುವುದು ಇಲ್ಲೇ: ಮೊದಲು ಬೆರಳಿಟ್ಟು ಎಷ್ಟು ಸೆಂಟಿಮೀಟರ್ ತೆರೆದಿದೆ ಎಂದು ನೋಡುತ್ತಾರೆ, ಆಮೇಲೆ ಸ್ವ್ಯಾಬ್ ನೆನಪಾಗುತ್ತದೆ. ಅಷ್ಟರಲ್ಲಿ ಗ್ಲೌಸಿನ ಜೆಲ್ಲೋ ನಂಜುನಿರೋಧಕ ದ್ರಾವಣವೋ ಒಳಗೆ ಸವರಿಕೊಂಡಿರುತ್ತದೆ, ಲೋಳೆ ಮತ್ತು ರಕ್ತ ಕೆಳಗಿಳಿದಿರುತ್ತವೆ. ಇವು ಪಿಸಿಆರ್ ಕ್ರಿಯೆಗೇ ಅಡ್ಡ ಬರುತ್ತವೆ.

ಯಂತ್ರದ ಕಂಪನಿ ಹೇಳಿದ ಸ್ವ್ಯಾಬನ್ನೇ ಬಳಸಿ. ಮರದ ಕಡ್ಡಿಯ ಹತ್ತಿ ಸ್ವ್ಯಾಬ್ ಮತ್ತು ಗಾಯದ ಕೀವಿಗೆ ಬಳಸುವ ಇದ್ದಿಲು ಜೆಲ್ಲಿನ ಕೊಳವೆ ಡ್ರಾಯರ್‌ನಲ್ಲಿ ಸುಲಭವಾಗಿ ಸಿಗುತ್ತವೆ, ಅದಕ್ಕೇ ಕೈ ಅಲ್ಲಿಗೆ ಹೋಗುತ್ತದೆ. ಎರಡೂ ಇಲ್ಲಿ ಬೇಡ.

ಹೊರಗಿನ ಲೋಳೆ, ರಕ್ತ, ನೀರನ್ನು ಒಣ ಗಾಜ್ ಬಟ್ಟೆಯಿಂದ ಒರೆಸಿ. ಸೋಪು, ಅಯೋಡಿನ್ ಹಚ್ಚಬೇಡಿ. ಸ್ಪೆಕ್ಯುಲಮ್ (ಯೋನಿ ಅಗಲಿಸುವ ಸಾಧನ) ಬೇಡ: ನಿಮಗೆ ಬೇಕಿರುವುದು ಯೋನಿಯ ಕೆಳಭಾಗ, ಗರ್ಭಕಂಠವಲ್ಲ. ಸ್ವ್ಯಾಬನ್ನು ಸುಮಾರು 2 ಸೆಂ.ಮೀ. ಒಳಗಿಟ್ಟು ಗೋಡೆಗೆ ತಾಗಿಸಿಕೊಂಡು ಎರಡು ಮೂರು ಸುತ್ತು ತಿರುಗಿಸಿ. ನಡುವೆ ಗಾಳಿಯಲ್ಲಿ ತಿರುಗಿಸಿದರೆ ಹತ್ತುವುದು ಬರೀ ನೀರು.

ಈಗ ಅದೇ ಸ್ವ್ಯಾಬ್ ಗುದದ್ವಾರಕ್ಕೆ. ಮುಜುಗರವೆಂದು ಈ ಹಂತವನ್ನೇ ಬಿಡುವವರಿದ್ದಾರೆ, ಅಂಚಿಗೆ ಮುಟ್ಟಿಸಿ ‘ಆಯಿತು’ ಎನ್ನುವವರೂ ಇದ್ದಾರೆ. ಬ್ಯಾಕ್ಟೀರಿಯಾದ ಮೂಲ ನೆಲೆಯೇ ಕರುಳು. ಯೋನಿಯಿಂದ ಮಾತ್ರ ತೆಗೆದರೆ ಇದ್ದವರನ್ನೂ ಇಲ್ಲವೆಂದು ಕಳಿಸುತ್ತೀರಿ. ಬಿಗಿಸ್ನಾಯುವಿನ ತಡೆ ಕೈಗೆ ತಿಳಿಯಬೇಕು, ಅದನ್ನು ದಾಟಿ ಒಳಗೆ ಒಂದು ಸುತ್ತು ತಿರುಗಿಸಬೇಕು. ‘ಈಗ ಹಿಂದುಗಡೆ ಸ್ವಲ್ಪ ಒತ್ತಿದ ಹಾಗಾಗುತ್ತದಮ್ಮಾ’ ಎಂದು ಮೊದಲೇ ಹೇಳಿ, ಎರಡು ನೋವಿನ ನಡುವೆ ಮಾಡಿದರೆ ಐದೇ ಸೆಕೆಂಡಿನ ಕೆಲಸ. ಕ್ರಮ ಮಾತ್ರ ಮುಂದಿನಿಂದ ಹಿಂದಕ್ಕೆ, ಎಂದೂ ತಿರುಗುಮುರುಗಾಗಬಾರದು. ತುದಿಗೆ ಮಲದ ಉಂಡೆಯೋ ಲೋಳೆಯ ದಾರವೋ ಅಂಟಿದ್ದರೆ ಅದನ್ನು ಹೊತ್ತು ಯಂತ್ರಕ್ಕೆ ಹೋಗಬೇಡಿ, ಹೊಸ ಸ್ವ್ಯಾಬ್ ತೆಗೆಯಿರಿ.

ಹೆಸರಿನ ಚೀಟಿಯನ್ನು ಹಾಸಿಗೆಯ ಪಕ್ಕದಲ್ಲೇ ಅಂಟಿಸಿ.

ಯಂತ್ರ

ಕಾರ್ಟ್ರಿಜ್‌ಗೆ ಹಾಕುವುದು, ಮುಚ್ಚುವುದು, ಗುಂಡಿ ಒತ್ತುವುದು: ಎರಡು ನಿಮಿಷ. ಫಲಿತಾಂಶಕ್ಕೆ ಸಾಮಾನ್ಯವಾಗಿ 30ರಿಂದ 60 ನಿಮಿಷ. ಯಂತ್ರ ಹೆರಿಗೆ ಕೊಠಡಿಯ ಪಕ್ಕದಲ್ಲೇ ಇರಬೇಕು, ರಾತ್ರಿ ಪಾಳಿಯ ನರ್ಸ್‌ಗಳಿಗೂ ನಡೆಸಲು ಬರಬೇಕು. ಸ್ವ್ಯಾಬ್ ಮೂರು ಮಹಡಿ ಇಳಿದು ಲ್ಯಾಬ್‌ಗೆ ಹೋಗಿ, ಬೆಳಗಿನವರೆಗೆ ಟ್ರೇಯಲ್ಲಿ ಕಾಯುವುದಾದರೆ ಅದಕ್ಕೆ ಕ್ಷಿಪ್ರ ಎನ್ನುವ ಹೆಸರು ದಂಡ.

ಗೆರೆ ಮೂಡುವ ಅಗ್ಗದ ಆಂಟಿಜೆನ್ ಪಟ್ಟಿಗಳನ್ನು ಕೊಳ್ಳಬೇಡಿ. ಬ್ಯಾಕ್ಟೀರಿಯಾ ಕಡಿಮೆ ಇದ್ದಾಗ ಅವು ಹಿಡಿಯುವುದೇ ಇಲ್ಲ.

‘ಇನ್‌ವ್ಯಾಲಿಡ್’ ಬಂದರೆ, ಸಮಯವಿದ್ದರೆ ಹೊಸ ಸ್ವ್ಯಾಬ್‌ನಿಂದ ಒಂದೇ ಒಂದು ಸಲ ಮತ್ತೆ ಮಾಡಿ. ಮೂರನೆಯದಕ್ಕೆ ಕೈ ಹಾಕಬೇಡಿ. ಅಪಾಯದ ಲಕ್ಷಣ ನೋಡಿ ನಿರ್ಧರಿಸಿ: 37 ವಾರ ತುಂಬಿಲ್ಲ, ನೀರು ಒಡೆದು 18 ಗಂಟೆ ದಾಟಿದೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ. ಇವುಗಳಲ್ಲಿ ಒಂದಿದ್ದರೂ ಔಷಧ ಶುರು. ಪಿಸಿಆರ್ ನೆಗೆಟಿವ್ ಎಂದಿದ್ದರೂ ಇದೇ ನಿಯಮ. ಇಂಥವರಲ್ಲಿ ಸ್ವ್ಯಾಬ್ ತೆಗೆದರೂ ಫಲಿತಾಂಶಕ್ಕೆ ಕಾಯುತ್ತ ಕೂರಬೇಡಿ. ಜ್ವರದ ಜೊತೆ ಗರ್ಭಕೋಶದ ಸೋಂಕಿನ ಗುಮಾನಿಯಿದ್ದರೆ ಪೆನಿಸಿಲಿನ್ ಒಂದೇ ಸಾಲದು, ಹೆಚ್ಚು ವ್ಯಾಪ್ತಿಯ ಔಷಧ ಬೇಕು.

ಪಾಸಿಟಿವ್ ಬಂದರೆ

ಪೆನಿಸಿಲಿನ್ ಜಿ 50 ಲಕ್ಷ ಯೂನಿಟ್ ರಕ್ತನಾಳಕ್ಕೆ, ಆಮೇಲೆ ಹೆರಿಗೆಯವರೆಗೆ 4 ಗಂಟೆಗೊಮ್ಮೆ 25ರಿಂದ 30 ಲಕ್ಷ. ಅದಿಲ್ಲದಿದ್ದರೆ ಆಂಪಿಸಿಲಿನ್ 2 ಗ್ರಾಂ, ನಂತರ 4 ಗಂಟೆಗೊಮ್ಮೆ 1 ಗ್ರಾಂ. ಬಾಟಲಿಯ ಹೆಸರನ್ನು ಇಬ್ಬರು ಓದಿ. ಬೆಂಜಥಿನ್ ಪೆನಿಸಿಲಿನ್ ಸ್ನಾಯುವಿಗೆ ಮಾತ್ರ ಕೊಡುವಂಥದ್ದು, ರಕ್ತನಾಳಕ್ಕೆ ಹೋದರೆ ಹೃದಯವೇ ನಿಲ್ಲಬಹುದು.

ಪೆನಿಸಿಲಿನ್ ಅಲರ್ಜಿ ಎಂದರೆ ಏನಾಗಿತ್ತು ಎಂದು ಕೇಳಿ. ಗಂಧೆಯಲ್ಲದ ಸಣ್ಣ ಕೆಂಪು ಗುಳ್ಳೆಗಳಷ್ಟೇ ಎದ್ದಿದ್ದರೆ ಸೆಫಜೋಲಿನ್ ನಡೆಯುತ್ತದೆ. ಉಸಿರು ಕಟ್ಟಿದ್ದರೆ, ಮುಖ ಊದಿಕೊಂಡಿದ್ದರೆ ಕ್ಲಿಂಡಾಮೈಸಿನ್ ಅಥವಾ ವ್ಯಾಂಕೊಮೈಸಿನ್ ಮಾತು ಬರುತ್ತದೆ. ಕ್ಲಿಂಡಾಮೈಸಿನ್‌ಗೆ ಬಗ್ಗದ ಜಿಬಿಎಸ್ ಸಾಕಷ್ಟಿದೆ, ಅದನ್ನು ತಿಳಿಸುವುದು ಕಲ್ಚರ್. ಸಾಮಾನ್ಯ ಕ್ಷಿಪ್ರ ಪಿಸಿಆರ್ ‘ಇದೆ’, ‘ಇಲ್ಲ’ ಎಂದಷ್ಟೇ ಹೇಳುತ್ತದೆ. ಹಾಗಾಗಿ ತೀವ್ರ ಅಲರ್ಜಿ ಇರುವವರಿಗೆ 36ನೇ ವಾರದಲ್ಲೇ ಕಲ್ಚರ್ ಮಾಡಿಸುವುದು ಜಾಣತನ. ಆಗಲೇ ಮಾತ್ರೆ ನುಂಗಿಸಿ ಜಿಬಿಎಸ್ ಓಡಿಸುವ ಒಳದಾರಿ ಪ್ರಯೋಜನಕ್ಕಿಲ್ಲ, ಹೆರಿಗೆಯ ಹೊತ್ತಿಗೆ ಕರುಳಿನಿಂದ ಮತ್ತೆ ಬಂದಿರುತ್ತದೆ. ಕ್ಲೋರ್‌ಹೆಕ್ಸಿಡಿನ್‌ನಿಂದ ಯೋನಿ ತೊಳೆಯುವುದೂ ಮಗುವಿನ ಸೋಂಕು ತಡೆಯುವುದಿಲ್ಲ.

ಪೆನಿಸಿಲಿನ್, ಆಂಪಿಸಿಲಿನ್ ಅಥವಾ ಸೆಫಜೋಲಿನ್ ಮೊದಲ ಡೋಸ್ ಹೆರಿಗೆಗೆ ಕನಿಷ್ಠ 4 ಗಂಟೆ ಮುಂಚೆ ಹೋಗಿದ್ದರೆ ಪೂರ್ಣ ರಕ್ಷಣೆ ಎಂದು ಲೆಕ್ಕ. ಅಷ್ಟಾಗಲಿ ಎಂದು ಹೆರಿಗೆಯನ್ನು ತಡೆಹಿಡಿಯುವಂತಿಲ್ಲ, ಸಮಯ ಸಾಲದು ಎಂದು ಡೋಸ್ ಕೈಬಿಡುವಂತೆಯೂ ಇಲ್ಲ.

ಕೇಸ್ ಶೀಟಿನಲ್ಲಿ ‘ಆಂಟಿಬಯಾಟಿಕ್ ಕೊಡಲಾಗಿದೆ’ ಎಂದು ಬರೆದರೆ ಮಕ್ಕಳ ವೈದ್ಯರಿಗೆ ಏನೂ ತಿಳಿಯದು. ಔಷಧದ ಹೆಸರು, ಪ್ರತಿ ಡೋಸಿನ ಗಂಟೆ–ನಿಮಿಷ, ನೀರು ಒಡೆದ ವೇಳೆ, ತಾಯಿಯ ಅತಿ ಹೆಚ್ಚಿನ ಜ್ವರ, ಮಗು ಹುಟ್ಟಿದ ವೇಳೆ ಬರೆಯಿರಿ. ಉಸಿರಿಗೊಮ್ಮೆ ಮುಲುಗುವುದು, ನಿಮಿಷಕ್ಕೆ 60 ಮೀರಿದ ಉಸಿರಾಟ, ಮೊಲೆ ಹಿಡಿಯದಿರುವುದು, ಮೈ ತಣ್ಣಗಾಗುವುದು ಇವು ಹೆಚ್ಚಾಗಿ ಮೊದಲ 24 ಗಂಟೆಯಲ್ಲೇ ಕಾಣುತ್ತವೆ. 7ನೇ ದಿನದಿಂದ 3 ತಿಂಗಳವರೆಗೆ ಬರಬಹುದಾದ ತಡವಾದ ಜಿಬಿಎಸ್ ಸೋಂಕನ್ನು ಹೆರಿಗೆ ವೇಳೆಯ ಔಷಧ ತಡೆಯುವುದಿಲ್ಲ. ಮನೆಗೆ ಕಳಿಸುವಾಗ ತಾಯಿಗೆ ಇದನ್ನೂ ಹೇಳಿ.