ಹಳೇ ಕಂಪ್ಯೂಟರಿಗೆ ಲಿನಕ್ಸ್: ಮೊದಲು ಕನ್ನಡ, ಮಿಕ್ಕಿದ್ದು ಆಮೇಲೆ

ವಿಂಡೋಸ್ ಥರವೇ ಕಂಪ್ಯೂಟರ್ ಓಡಿಸುವ ತಂತ್ರಾಂಶ ಲಿನಕ್ಸ್. ಅದನ್ನು ಬೇರೆಯವರಿಗೆ ಹಾಕಿಸಲು ಹೊರಟವರು ಮೊದಲು ಹೇಳುವ ಮಾತು 'ಇದು ಪುಕ್ಕಟೆ' ಅಂತ. ನಮ್ಮೂರುಗಳಲ್ಲಿ ಆ ಮಾತು ನಡೆಯುವುದಿಲ್ಲ. ಬೀದಿ ಕೊನೆಯ ಅಂಗಡಿಯವನು ವಿಂಡೋಸನ್ನೂ ಚಿಲ್ಲರೆ ದುಡ್ಡಿಗೆ ಹಾಕಿಕೊಡುತ್ತಾನೆ, ಅದು ಕಳ್ಳ ಪ್ರತಿ ಅನ್ನೋದು ಬೇರೆ ಮಾತು. ಜನ ಕೇಳುವುದೇ ಬೇರೆ: ಕನ್ನಡ ಟೈಪ್ ಆಗುತ್ತಾ? ಪ್ರಿಂಟರ್ ಓಡುತ್ತಾ? ಕೆಟ್ಟರೆ ಯಾರಿಗೆ ಫೋನ್ ಮಾಡಲಿ?

ಈಗ ಶುರು ಮಾಡಲು ಒಂದು ನೆಪವಂತೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಎಷ್ಟೋ ಹಳೇ ಯಂತ್ರಗಳಿಗೆ ವಿಂಡೋಸ್ 11 ಹತ್ತುವುದಿಲ್ಲ. ಅಂಥವಕ್ಕೆ ಲಿನಕ್ಸ್‌ನ ಹಲವು ಬಗೆಗಳಲ್ಲಿ ಒಂದಾದ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ (Xfce) ಸಾಕು. 2 ಜಿಬಿ ರ್‍ಯಾಮ್‌ನಲ್ಲೂ ಓಡುತ್ತದೆ, 4 ಇದ್ದರೆ ಆರಾಮ.

ಮೊದಲು ಹಳೇ ಕಡತಗಳನ್ನು ನೋಡಿ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳು ಲಿನಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. 'ನಿಮ್ಮ ಲಿನಕ್ಸ್ ನನ್ನ ಫೈಲ್ ಹಾಳು ಮಾಡಿತು' ಅನ್ನುವ ಜಗಳ ಹುಟ್ಟುವುದೇ ಇಲ್ಲಿ. ವಿಂಡೋಸ್ ಇರುವಾಗಲೇ ಅವನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ, ಬೇರೆ ಡಿಸ್ಕ್‌ಗೆ ನಕಲು ಮಾಡಿ. ವಿಂಡೋಸ್‌ಗೇ ಮಾಡಿದ ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಯಂತ್ರವಾದರೆ ಸದ್ಯಕ್ಕೆ ಮುಟ್ಟಲೇಬೇಡಿ.

ಆಮೇಲೆ 8 ಜಿಬಿ ಪೆನ್‌ಡ್ರೈವ್ ತನ್ನಿ, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮಿಂಟ್ ಡೌನ್‌ಲೋಡ್ ಮಾಡಿ ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಕಂಪ್ಯೂಟರ್ ಆನ್ ಆಗುವಾಗ ಎಫ್12 ಒತ್ತಿ (ಎಚ್‌ಪಿಯಲ್ಲಿ ಎಫ್9, ಬೇರೆ ಕಂಪನಿಗಳಲ್ಲಿ ಬೇರೆ ಕೀಲಿ ಇರಬಹುದು), ಪೆನ್‌ಡ್ರೈವ್ ಆರಿಸಿ. ಏನೂ ಇನ್‌ಸ್ಟಾಲ್ ಮಾಡದೆ ಮಿಂಟ್ ತೆರೆದುಕೊಳ್ಳುತ್ತದೆ. ಕಂಪ್ಯೂಟರಿನ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ವೈಫೈ ಹಾಕಿ, ಹಾಡು ಹಚ್ಚಿ, ಅವರದೇ ಪ್ರಿಂಟರ್‌ನಲ್ಲಿ ಒಂದು ಹಾಳೆ ತೆಗೆಯಿರಿ. ಹಾಳೆ ಬರಲಿಲ್ಲವಾ? ಅವತ್ತಿಗೆ ಅಲ್ಲೇ ನಿಲ್ಲಿಸಿ.

ಬಂದರೆ ಇನ್‌ಸ್ಟಾಲ್. ವಿಂಡೋಸ್ ಪಕ್ಕದಲ್ಲೇ ಇರಲಿ ಅನ್ನುವ ಆಯ್ಕೆ ಒತ್ತಿ. ಇನ್ನೊಂದು ಆಯ್ಕೆ ಇಡೀ ಡಿಸ್ಕ್ ಅಳಿಸುತ್ತದೆ. ನಾನು ಮೊದಲ ಸಲ ಅದನ್ನೇ ಒತ್ತಿದ್ದೆ. ಅಣ್ಣನ ಮದುವೆಯ ಫೋಟೋ ಎಲ್ಲಾ ಹೋಯಿತು. ಅತ್ತಿಗೆ ಈಗಲೂ ಬಿಟ್ಟಿಲ್ಲ.

ಕನ್ನಡ ಟೈಪಿಂಗ್ ಅದೇ ದಿನ ಆಗಲೇಬೇಕು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಕನ್ನಡ ಕೀಲಿಮಣೆಗಳಿರುವ ಐಬಸ್-ಎಂ17ಎನ್ (ibus-m17n) ಹುಡುಕಿ ಹಾಕಿ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಮಾಡಿ ಬನ್ನಿ. ಐಬಸ್ ಆದ್ಯತೆಗಳಲ್ಲಿ ಕನ್ನಡದ ಕೆಳಗೆ 'ಕೆಜಿಪಿ' (kgp) ಸೇರಿಸಿ. ನುಡಿ ಬಳಸಿದವರಿಗೆ ಇದು ಗೊತ್ತಿರುವ ಕೀಲಿಮಣೆಯೇ. ಎ, ಕೆ, ಎಫ್, ಕೆ ಒತ್ತಿಸಿ, ತೆರೆಯ ಮೇಲೆ 'ಅಕ್ಕ' ಮೂಡುತ್ತದೆ. ಇಪ್ಪತ್ತು ವರ್ಷದಿಂದ ಆ ಬೆರಳುಗಳು ಮಾಡಿದ ಕೆಲಸವೇ ಅದು. ಅವರ ಮುಖ ಅರ್ಧ ಸಡಿಲವಾಗುವುದು ಆಗಲೇ.

ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳು ವರ್ಷಗಟ್ಟಲೆಯಿಂದ ಉಬುಂಟು ಆಧರಿಸಿದ ಲಿನಕ್ಸ್ ಓಡಿಸುತ್ತಿವೆ. ಅಲ್ಲಿ ಸುಮ್ನೆ ಸಿಡಿ ಹಂಚಿ ಕೈತೊಳೆದುಕೊಳ್ಳಲಿಲ್ಲ. ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ಪಾಠಕ್ಕೆ ಬೇಕಾದ ತಂತ್ರಾಂಶವನ್ನು ಅದರೊಳಗೇ ತುಂಬಿ, ಮಲಯಾಳಂ ಬರುವಂತೆ ಮಾಡಿದರು. ನಮ್ಮ ಮಟ್ಟಿಗೆ ಆ ತರಬೇತಿ ಅಂದರೆ ಒಂದು ಚೀಟಿ ಅಷ್ಟೆ. ಭಾಷೆ ಬದಲಿಸುವ ಕೀಲಿ ಯಾವುದು, ಪೆನ್‌ಡ್ರೈವ್ ತೆಗೆಯುವುದು ಹೇಗೆ, ಜೊತೆಗೆ ನಿಮ್ಮ ಫೋನ್ ನಂಬರ್. ಮಾನಿಟರ್ ಅಂಚಿಗೆ ಅಂಟಿಸಿ ಬನ್ನಿ. ಮೊದಲ ತಿಂಗಳು ಫೋನ್ ಜಾಸ್ತಿ ಬರುತ್ತದೆ, ಅದೂ ಊಟದ ಹೊತ್ತಿಗೇ. ಎತ್ತಿ.