‘ಕೈ ಹಿಡೀಬ್ಯಾಡ್ರಿ’ ಅಂದ ಅಣ್ಣ

ನಾನು ಧಾರವಾಡ ಜಿಲ್ಲೆಯ ಒಂದು ಸಣ್ಣ ಸಭೆಯ ಪಾಸ್ಟರ್. ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂತ ನಗುತ್ತಾರೆ. ಅಲ್ಲಿ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್, ಇದೆಯಲ್ಲ, ಅದಕ್ಕೆ. ಆ ಜೋಕು ಹೇಳಿ ನಾನೂ ನಕ್ಕವನೇ.

ನಮ್ಮ ಸಭೆಯಲ್ಲಿ ಒಬ್ಬರಿಗೆ ಬೈಪೋಲಾರ್ ಕಾಯಿಲೆ ಇದೆ, ಅಂದರೆ ಮನಸ್ಸು ಕೆಲವೊಮ್ಮೆ ವಿಪರೀತ ಉಬ್ಬುತ್ತದೆ, ಕೆಲವೊಮ್ಮೆ ತೀರಾ ಕುಗ್ಗುತ್ತದೆ. ಹೆಸರು ಬೇಡ, ಅಣ್ಣ ಅಂತಲೇ ಬರೆಯುತ್ತೇನೆ. ಚೆನ್ನಾಗಿದ್ದಾಗ ಎಲ್ಲರಿಗಿಂತ ಮೊದಲು ಬಂದು ಚರ್ಚಿನ ಬಾಗಿಲು ತೆಗೆದು, ಚಾಪೆ ಹಾಸುವವರು ಅವರೇ. ಒಂದು ಭಾನುವಾರ ನನ್ನ ಪ್ರಸಂಗದ ನಡುವೆ ಎದ್ದು ಬಂದರು. ದೇವರು ತಮಗೆ ಸಂದೇಶ ಕೊಟ್ಟಿದ್ದಾನೆ ಎಂದು ಮೈಕಿಗೆ ಕೈ ಹಾಕಿದರು. ಇಬ್ಬರು ಹಿರಿಯರು ರಟ್ಟೆ ಹಿಡಿದು ಎಳೆದರು. ಅಣ್ಣ ಜೋರಾಗಿ ಕೊಸರಿಕೊಂಡರು, ಒಬ್ಬರ ಕನ್ನಡಕ ಒಡೆಯಿತು, ಮಕ್ಕಳು ಅಳತೊಡಗಿದರು. ಅವರು ಮೂರು ರಾತ್ರಿಯಿಂದ ಮಲಗಿರಲಿಲ್ಲ ಅನ್ನೋದು ನಮಗೆ ಆಮೇಲೆ ಗೊತ್ತಾಯಿತು.

ಆ ವಾರ ಬೇರೆ ಊರಿನ ಬೋಧಕರೊಬ್ಬರು ಬಂದಿದ್ದರು. ಯೇಸು ದೆವ್ವ ಬಿಡಿಸಿದ ಕಥೆ ಇರುವ ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ಓದಿ, ಇದು ದೆವ್ವದ್ದೇ ಕೆಲಸ ಅಂದರು. ಮೂರು ದಿನ ಉಪವಾಸ, ಕೊನೆಗೆ ಇಡೀ ರಾತ್ರಿ ಪ್ರಾರ್ಥನೆ ಅಂತ ಗೊತ್ತುಮಾಡಿದರು. ಒಳಗೊಳಗೇ ನನಗೆ ಅನುಮಾನ ಇತ್ತು. ಆದರೂ ಸುಮ್ನೆ ಇದ್ದೆ. ಹೇಳಿದರೆ ‘ಪಾಸ್ಟರಿಗೇ ವಿಶ್ವಾಸ ಇಲ್ಲ’ ಅಂತಾರಲ್ಲ!

ಮೂರನೇ ರಾತ್ರಿ ಅಣ್ಣನ ಕೈ ನಡುಗತೊಡಗಿತು. ವಾಂತಿ ಮಾಡಿಕೊಂಡರು. ಎದ್ದರೆ ತೂರಾಡುತ್ತಿದ್ದರು, ಮಾತು ತೊದಲುತ್ತಿತ್ತು. ದೆವ್ವ ಬಿಡುತ್ತಿದೆ ಎಂದು ಎಲ್ಲರೂ ಇನ್ನೂ ಜೋರಾಗಿ ಪ್ರಾರ್ಥಿಸಿದರು, ನಾನೂ ಸೇರಿ. ಅಷ್ಟರಲ್ಲಿ ಅವರ ಹೆಂಡತಿ ಸೆರಗಿನಿಂದ ಮಾತ್ರೆಯ ಹಾಳೆ ತೆಗೆದು ನನ್ನ ಕೈಗಿಟ್ಟರು. ‘ಅಯ್ಯನವರ, ಊಟ ಬಿಟ್ಟಾರ, ಆದ್ರ ಇದನ್ನ ನಾನು ಬಿಡಿಸಿಲ್ರಿ’ ಅಂದರು. ಅದು ಲಿಥಿಯಂ, ಅಣ್ಣ ಈ ಕಾಯಿಲೆಗೆ ತಗೊಳ್ಳುವ ಮಾತ್ರೆ. ಆ ರಾತ್ರಿಯೇ ಆಸ್ಪತ್ರೆಗೆ ಒಯ್ದೆವು. ಊಟ, ನೀರು, ಉಪ್ಪು ಕಡಿಮೆಯಾದರೆ ಈ ಔಷಧಿ ರಕ್ತದಲ್ಲಿ ಏರಿ ವಿಷವಾಗುತ್ತದಂತೆ. ನಿದ್ದೆಗೆಡುವುದಂತೂ ಈ ಕಾಯಿಲೆಗೆ ಬೆಂಕಿಗೆ ತುಪ್ಪ ಸುರಿದ ಹಾಗೆ ಅಂತ ಡಾಕ್ಟರು ಹೇಳಿದರು. ಮಾಡಬಾರದ ಎರಡನ್ನೂ ನಾವು ಮಾಡಿಸಿದ್ದೆವು.

ಎರಡು ತಿಂಗಳಾದ ಮೇಲೆ, ಅಣ್ಣ ಪೂರ್ತಿ ಹುಷಾರಾಗಿದ್ದಾಗ, ಅವರ ಮನೆಯ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಾ ಕೇಳಿದೆ: ‘ಮತ್ತೆ ಹಂಗಾದ್ರೆ ನಾವು ಏನು ಮಾಡಬೇಕು, ಅಣ್ಣಾ?’ ಬಹಳ ಹೊತ್ತು ಲೋಟ ತಿರುಗಿಸುತ್ತಾ ಕೂತರು. ‘ಮೈಕ್ ಕೊಡಬ್ಯಾಡ್ರಿ. ಹೊರಗ ಕರಕೊಂಡು ಹೋಗ್ರಿ. ಆದ್ರ ಕೈ ಹಿಡೀಬ್ಯಾಡ್ರಿ’ ಅಂದರು.

ಅದನ್ನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಅವರನ್ನು ಕರೆಯಬೇಕಾದವರು ಅವರೇ ಆರಿಸಿದ ಒಬ್ಬ ಹಿರಿಯರು, ಬೇರೆ ಯಾರೂ ಮೇಲೆ ಬೀಳಬಾರದು. ಕೂರುವ ಜಾಗ ಬಾಗಿಲ ಪಕ್ಕದ ಬೆಂಚು. ಎರಡು ರಾತ್ರಿ ನಿದ್ದೆ ಇಲ್ಲ ಅಂದರೆ ಅಕ್ಕ, ಅಂದರೆ ಅಣ್ಣನ ಹೆಂಡತಿ, ನನಗೆ ಫೋನ್ ಮಾಡುತ್ತಾರೆ, ಡಾಕ್ಟರಿಗೂ ಮಾಡುತ್ತಾರೆ. ರಾತ್ರಿ 9ರ ನಂತರ ಅಣ್ಣನ ಫೋನನ್ನು ನಾನು ತೆಗೆಯುವುದಿಲ್ಲ. ಇದನ್ನು ಬರೆಸುವಾಗ ಸಂಕೋಚ ಆಯಿತು, ಆದರೆ ಅದಕ್ಕೆ ಮೊದಲು ದಿನಕ್ಕೆ ಮೂವತ್ತು ಸಲ ಫೋನ್ ಬಂದದ್ದೂ ಇದೆ. ಆ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರ್ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ಯಾರ ಮೇಲಾದರೂ ಕೈ ಎತ್ತಿದರೆ ಪೊಲೀಸರನ್ನು ಕರೆಯುತ್ತೇವೆ ಅಂತಲೂ ಬರೆದಿದ್ದೇವೆ. ಅದಕ್ಕೂ ಅಣ್ಣನೇ ಸಹಿ ಹಾಕಿದರು. ಕಾಯಿಲೆ ಹೆಚ್ಚಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮುಂಚೆಯೇ ಬರೆದಿಡಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಅವಕಾಶ ಇದೆ. ನಮ್ಮದು ಅಂಥ ಕಾಗದವೇನಲ್ಲ, ಬರೀ ನೋಟ್‌ಬುಕ್ಕಿನ ಒಂದು ಹಾಳೆ.

ಸಭೆಯವರ ಜೊತೆ ನಾನು ಎಡವಿದೆ. ‘ಹೆದರಬೇಡಿ’ ಅಂತ ಬೋಧನೆ ಮಾಡಿದೆ. ಒಬ್ಬ ತಾಯಿ ಎದ್ದು, ‘ನನ್ನ ಮಗಳು ಆವತ್ತಿನಿಂದ ಚರ್ಚಿಗೆ ಬರಲ್ಲ ಅಂತಾಳೆ, ಅದಕ್ಕೇನು ಹೇಳ್ತೀರಿ?’ ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಅವರ ಮನೆಗೆ ಹೋಗಿ ಕೂತು ಕೇಳಿಸಿಕೊಂಡೆ. ಆ ಕುಟುಂಬ ಈಗ ಬೇರೆ ಸಭೆಗೆ ಹೋಗುತ್ತದೆ.

ಈ ವರ್ಷದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅಣ್ಣನಿಗೆ ಉಪವಾಸ ಇರಲಿಲ್ಲ. ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡೇ ಕೂರುತ್ತಿದ್ದರು. ಹೋದ ತಿಂಗಳು ಒಂದು ಭಾನುವಾರ ಕಾಣಿಕೆಯ ಹೊತ್ತಿನಲ್ಲಿ ಎದ್ದು ನಿಂತು ಒಬ್ಬರೇ ಚಪ್ಪಾಳೆ ತಟ್ಟತೊಡಗಿದರು. ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಆ ಹಿರಿಯರು ಎರಡು ಹೆಜ್ಜೆ ದೂರದಲ್ಲೇ, ಕೈ ಹಿಂದೆ ಕಟ್ಟಿಕೊಂಡು ನಿಂತು, ‘ಅಣ್ಣಾ, ಬರ್ರಿ, ಚಹಾ ಕುಡಿಯೂಣು’ ಅಂದರು.

‘ಹಾಡು ಮುಗೀಲಿ ತಡೀರಿ’ ಅಂದರು ಅಣ್ಣ. ಹಾಡು ಮುಗಿಯಿತು. ಬಾಟಲಿ ಎತ್ತಿಕೊಂಡು ಹೊರಗೆ ನಡೆದರು.