ಎಂ60 ಮತ್ತು ಪಕ್ಕದ ಮನೆಯ ಗೆಲಾಕ್ಸಿ: ಟೆಲಿಸ್ಕೋಪಿನಲ್ಲಿ ನೋಡುವುದು ಹೇಗೆ?

ಆಕಾಶ ವೀಕ್ಷಣೆಯ ರಾತ್ರಿಗಳಲ್ಲಿ ಈ ದೃಶ್ಯ ತಪ್ಪಿದ್ದಲ್ಲ. ಐಪೀಸಿಗೆ ಕಣ್ಣಿಟ್ಟು ಮೂರು ಸೆಕೆಂಡು ನೋಡುತ್ತಾರೆ, ‘ಏನೂ ಕಾಣ್ತಿಲ್ಲ’ ಎಂದು ಮೊಬೈಲ್ ಬೆಳಗಿಸಿಕೊಂಡು ಹೊರಟುಬಿಡುತ್ತಾರೆ. ಅಲ್ಲಿದ್ದದ್ದು ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ ಎಂ60. ಅಂಡಾಕಾರದ ದೈತ್ಯ ಗೆಲಾಕ್ಸಿ. ಅದಕ್ಕೆ ಒತ್ತಿಕೊಂಡಂತೆ ಎನ್‌ಜಿಸಿ 4647 ಎಂಬ ಸುರುಳಿ ಗೆಲಾಕ್ಸಿ. ಎರಡರ ನಡುವೆ ಗುರುತ್ವದ ಎಳೆದಾಟ ಈಗಷ್ಟೇ ಶುರುವಾಗಿದೆ ಎನ್ನುವ ಸೂಚನೆ ಹಬಲ್ ಚಿತ್ರಗಳಲ್ಲಿ ಸಿಕ್ಕಿದೆ.

ಬೇಕಾದ್ದು 8 ಇಂಚು ಅಗಲದ ಕನ್ನಡಿಯ, ಕೈಯಲ್ಲೇ ತಿರುಗಿಸುವ ಡಾಬ್ಸೋನಿಯನ್ ಟೆಲಿಸ್ಕೋಪ್, ಏಪ್ರಿಲ್ ತಿಂಗಳ ಅಮಾವಾಸ್ಯೆಯ ಆಸುಪಾಸು, ಊರ ದೀಪ ಬೀಳದ ಜಾಗ. ಡಬ್ಬಿಯ ಮೇಲೆ ‘525 ಪಟ್ಟು’ ಎಂದು ಬರೆದ ಆಟಿಕೆ ಟೆಲಿಸ್ಕೋಪ್ ಮಾತ್ರ ಕೊಳ್ಳಬೇಡಿ, ದುಡ್ಡು ದಂಡ.

ರಾತ್ರಿ 9ಕ್ಕೇ ಶುರು ಮಾಡಿ. ನಮ್ಮ ಕಡೆ ಎಂ60 ಹೆಚ್ಚುಕಮ್ಮಿ ನೆತ್ತಿಯ ಮೇಲೇ ಹಾದುಹೋಗುತ್ತದೆ, ನೆತ್ತಿಗೆ ಬಂದದ್ದನ್ನು ಡಾಬ್ಸೋನಿಯನ್‌ನಲ್ಲಿ ಹಿಂಬಾಲಿಸುವುದು ಕುತ್ತಿಗೆಗೂ ಕೈಗೂ ಶಿಕ್ಷೆ.

ಸ್ವಾತಿಗೂ ಸಿಂಹದ ಬಾಲದ ಉತ್ತರೆಗೂ ನಡುವೆ ಗೆರೆ ಎಳೆದುಕೊಳ್ಳಿ. ಅದರ ಮಧ್ಯದಿಂದ, ಚಾಚಿದ ಕೈಯ ಮೂರ್ನಾಲ್ಕು ಬೆರಳಿನಗಲ ದಕ್ಷಿಣಕ್ಕೆ ವಿಂಡೆಮಿಯಾಟ್ರಿಕ್ಸ್ ನಕ್ಷತ್ರ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ನಾಲ್ಕೂವರೆ ಡಿಗ್ರಿ, ಚೂರು ಉತ್ತರಕ್ಕೆ ಸರಿದರೆ ಎರಡು ಮಸುಕು ಚುಕ್ಕೆ ಒಟ್ಟಿಗೇ ಸಿಗುತ್ತವೆ: ಎಂ59 ಎಂಬ ಇನ್ನೊಂದು ಗೆಲಾಕ್ಸಿ, ಮತ್ತು ನಮ್ಮ ಎಂ60. ಯಾವುದು ಯಾವುದು? ಟೆಲಿಸ್ಕೋಪನ್ನು ಮುಟ್ಟದೆ ಸುಮ್ನೆ ಬಿಡಿ. ಮೊದಲು ಜಾರಿ ಹೊರಹೋಗುವುದು ಎಂ59. ಹಿಂದೆ ಬರುವ, ಜಾಸ್ತಿ ಹೊಳೆಯುವುದು ಎಂ60.

ಇನ್ನು ಎಲ್ಲರೂ ಎಡವುವ ಜಾಗ. ಪಕ್ಕದ ಸುರುಳಿ ಎಂ60ಗಿಂತ ಸುಮಾರು ಹತ್ತು ಪಟ್ಟು ಮಸುಕು. ಕತ್ತಲಲ್ಲಿ ಅರ್ಧ ಗಂಟೆ ಕೂರದೆ ಅದು ಕಾಣುವುದಿಲ್ಲ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಮೊಬೈಲ್ ಚೀಲಕ್ಕೆ ಹಾಕಿ. ‘ಬ್ರೈಟ್‌ನೆಸ್ ಕಡಿಮೆ ಮಾಡಿದ್ದೀನಿ’ ಅನ್ನೋ ನೆಪ ಬೇಡ. ಹಿಗ್ಗುವಿಕೆ 120 ಪಟ್ಟಿನ ಸುತ್ತ ಇರಲಿ. ಇಲ್ಲಿ ನೇರ ನೋಡಿದರೆ ಕೆಲಸ ಕೆಟ್ಟಿತು. ಕಣ್ಣಿನ ನಡುಭಾಗಕ್ಕೆ ಮಂದ ಬೆಳಕು ತಿಳಿಯುವುದಿಲ್ಲ, ಅದನ್ನು ಹಿಡಿಯುವ ಕೋಶಗಳು ಇರುವುದು ಅಂಚಿನ ಕಡೆ. ಎಂ60ಯ ಪಕ್ಕದ ಖಾಲಿ ಕತ್ತಲಿಗೆ ದೃಷ್ಟಿ ನೆಟ್ಟು, ಗಮನ ಮಾತ್ರ ಗೆಲಾಕ್ಸಿಯ ಮೇಲಿಡಿ. ಉಸಿರು ಬಿಗಿ ಹಿಡಿಯಬೇಡಿ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ: ನಿಂತ ಮಸುಕಿಗಿಂತ ಅಲುಗುವ ಮಸುಕು ಬೇಗ ಕಣ್ಣಿಗೆ ಬೀಳುತ್ತದೆ. ಎಂ60 ಜಾರುವ ದಿಕ್ಕಿನಲ್ಲೇ, ತುಸು ಓರೆಯಾಗಿ, ಗಾಜಿಗೆ ಉಸಿರು ಬಿಟ್ಟಂಥ ಮಬ್ಬು ಒಮ್ಮೆ ಮೂಡಿ ಮಾಯವಾದರೆ ಅದೇ ಎನ್‌ಜಿಸಿ 4647. ಸುರುಳಿ ತೋಳುಗಳನ್ನು ಹುಡುಕಬೇಡಿ, ಅವೆಲ್ಲ ಫೋಟೊದಲ್ಲಿ ಮಾತ್ರ.

ಕಂಡದ್ದನ್ನು ಪೆನ್ಸಿಲಿನಲ್ಲಿ ಬಿಡಿಸಿ, ಸುತ್ತಲಿನ ನಕ್ಷತ್ರಗಳ ಸಮೇತ. 2022ರ ಏಪ್ರಿಲ್‌ನಲ್ಲಿ ಜಪಾನಿನ ಹವ್ಯಾಸಿ ಕೋಯಿಚಿ ಇಟಗಾಕಿ ಇದೇ ಸುರುಳಿಯಲ್ಲಿ ಸಿಡಿದ ನಕ್ಷತ್ರ, ಅಂದರೆ ಸೂಪರ್‌ನೋವಾ ಪತ್ತೆಹಚ್ಚಿದರು. ಹಳೆಯ ಚಿತ್ರ ಕೈಯಲ್ಲಿ ಇಲ್ಲದಿದ್ದರೆ ಹೊಸ ಚುಕ್ಕೆ ಯಾವುದೆಂದು ಹೇಗೆ ಗೊತ್ತಾಗಬೇಕು, ಅಲ್ವಾ?